ಗಿರಾಕಿಯ ಕಣ್ಣು

ಕಣ್ಣಿಗೆ ಹನಿ ಹಾಕಿಕೊಳ್ಳುವ ಕೆಲಸ ನನ್ನ ಕೈಯಿಂದ ನೆಟ್ಟಗೆ ಆಗುವುದಿಲ್ಲ. ಒಂದು ಹನಿ ಹುಬ್ಬಿಗೆ ಬೀಳುತ್ತದೆ, ಇನ್ನೊಂದು ಕಿವಿಯ ಕಡೆಗೆ ಹರಿಯುತ್ತದೆ, ಉಳಿದದ್ದನ್ನು ದಿಂಬು ಕುಡಿಯುತ್ತದೆ. ಹೆಂಡತಿಯನ್ನು ಕರೆದರೆ ಅವಳು ಸೆರಗಿಗೆ ಕೈ ಒರೆಸುತ್ತ ಬಂದು, "ಕಣ್ಣು ತೆರೀರಿ ಅಂದರ ಬಾಯಿ ತೆರೀತೀರಿ" ಎನ್ನುತ್ತಾಳೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇದೇ ಮಾತು. ಅವಳಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಕಣ್ಣಿಗೆ ಎಷ್ಟು ಸಾಕಾಗಿದೆಯೋ ಗೊತ್ತಿಲ್ಲ.

ಮೊನ್ನೆ ಹನಿಯ ಬಾಟಲಿ ಹುಡುಕುತ್ತ ಹಳೆಯ ಮೇಜಿನ ಡ್ರಾವರು ಎಳೆದಾಗ, ಅದರ ಮೂಲೆಯಲ್ಲಿ ಗಾಜಿನದೊಂದು ಸಣ್ಣ ಕೊಳವೆ ಸಿಕ್ಕಿತು. ತುದಿಗಿದ್ದ ರಬ್ಬರಿನ ಬುರುಡೆ ಕಲ್ಲಿನಂತೆ ಗಟ್ಟಿಯಾಗಿತ್ತು. ಒತ್ತಿದರೆ ಪುಡಿಯಾಯಿತು. ಈ ಕೊಳವೆಯಿಂದ ಒಂದು ಕಾಲದಲ್ಲಿ ಮೀನಿನ ಕಣ್ಣಿಗೆ ಔಷಧ ಹಾಕಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಸಮುದ್ರದ ಮೀನು. ಅದೂ ಸಮುದ್ರವೇ ಇಲ್ಲದ ಗಡಹಿಂಗ್ಲಜದಲ್ಲಿ, ಉಳ್ಳಾಗಡ್ಡಿ ಹೆಚ್ಚುವುದಕ್ಕೂ ಬೇರೆ ಈಳಿಗೆ ಇಟ್ಟುಕೊಂಡಿದ್ದ ಲಿಂಗಾಯತರ ಮನೆಯಲ್ಲಿ. ನಾನು ಕಳಿಸುತ್ತಿದ್ದ ಸುದ್ದಿಗಳನ್ನು ನಮ್ಮ ಉಪಸಂಪಾದಕರೂ ಮೊದಲ ಓದಿಗೆ ನಂಬುತ್ತಿರಲಿಲ್ಲ. ಆದ್ದರಿಂದ ಬೇಸರವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕೊಲ್ಲಾಪುರದಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರನಾಗಿದ್ದೆ. ಗಡಿಯ ಸಭೆಗಳು, ಗಡಿಯ ಠರಾವುಗಳು, ಗಡಿಯ ಮೆರವಣಿಗೆಗಳು. ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದು ತಾರು ಆಫೀಸಿಗೆ ಓಡುವುದು. ವಾರವೆಲ್ಲ ಅದನ್ನು ಮಾಡಿ ಶನಿವಾರ ಗಡಹಿಂಗ್ಲಜದ ಬಸ್ಸು ಹತ್ತುತ್ತಿದ್ದೆ. ಹೆಂಡತಿಯ ತವರು ಅಲ್ಲಿತ್ತು, ಆಗ ಅವಳೂ ಅಲ್ಲಿಯೇ ಇದ್ದಳು. ಆ ಬಸ್ಸು ನಿಪ್ಪಾಣಿ, ಸಂಕೇಶ್ವರದ ಮೇಲೆ ಹಾಯ್ದು ಹೋಗುವಾಗ ಮಹಾರಾಷ್ಟ್ರ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಮತ್ತೆ ಮಹಾರಾಷ್ಟ್ರಕ್ಕೆ ಹೋಗುತ್ತಿತ್ತು. ವಾರವೆಲ್ಲ ಯಾವ ಗೆರೆಗಾಗಿ ಜನ ಗಂಟಲು ಹರಿದುಕೊಳ್ಳುತ್ತಿದ್ದರೋ ಆ ಗೆರೆಯನ್ನು ನಾನು ಎರಡು ಸಲ ನಿದ್ದೆಯಲ್ಲಿ ದಾಟುತ್ತಿದ್ದೆ.

ಮಾವ ಗುರುಪಾದಪ್ಪನವರದು ಬೆಲ್ಲ ಮತ್ತು ಮೆಣಸಿನಕಾಯಿಯ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಕೊಂಕಣದ ಲಾರಿಗಳು ಆಜರಾ ಊರಿನ ಮೇಲಿಂದ ಘಾಟು ಹತ್ತಿ ಬಂದು ತೆಂಗು, ಉಪ್ಪು ಇಳಿಸಿ, ಬೆಲ್ಲ ಹೇರಿಕೊಂಡು ಹೋಗುತ್ತಿದ್ದವು. ಮಾವನ ಬೆಲ್ಲದಲ್ಲಿ ಬೆರಕೆ ಇರುವುದಿಲ್ಲ ಎಂಬ ಹೆಸರು ಘಾಟಿನ ಕೆಳಗಿನವರೆಗೂ ಹೋಗಿತ್ತು. ಅವರು ಮಾಲನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಬೆಲ್ಲದ ಪೆಂಟಿಯ ಮೂಲೆಗೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿ, ಯಾವ ಊರಿನ ಗಾಣ, ಕಬ್ಬಿಗೆ ಯಾವ ಬಾವಿಯ ನೀರು ಎಂದು ಹೇಳುತ್ತಿದ್ದರು. ಕಣ್ಣಿನಿಂದ ನೋಡದೆ ಇರುವುದು ಒಳ್ಳೆಯದೇ ಆಯಿತು, ಏಕೆಂದರೆ ಆ ಹೊತ್ತಿಗೆ ಅವರಿಗೆ ಕಣ್ಣು ಅಷ್ಟಾಗಿ ಉಳಿದಿರಲಿಲ್ಲ.

ಇಂಥವರ ಮನೆಗೆ ಮೀನು ಬಂದದ್ದು ಹೀಗೆ. ಹಿಂದೊಮ್ಮೆ ಕಣ್ಣು ಚೆನ್ನಾಗಿದ್ದಾಗ ಅವರು ವ್ಯಾಪಾರಕ್ಕೆಂದು ಮುಂಬಯಿಗೆ ಹೋಗಿ, ಸಮುದ್ರದ ದಂಡೆಯಲ್ಲಿ ಗಾಜಿನ ಗೋಡೆಗಳ ಹಿಂದೆ ಮೀನು ಸಾಕಿದ ಒಂದು ಕಟ್ಟಡವನ್ನು ನೋಡಿ ಬಂದಿದ್ದರು. ಅದುವರೆಗೆ ಅವರು ಕಂಡಿದ್ದ ಸಮುದ್ರದ ಮೀನು ಎಂದರೆ ಲಾರಿಯ ಬುಟ್ಟಿಯಲ್ಲಿ ಒಣಗಿ ನಾರುವಂಥದ್ದು. ಅಂಗಡಿಯ ಮುಂದೆ ಅಂಥ ಲಾರಿ ನಿಂತರೆ ಮೂಗಿಗೆ ಶಲ್ಯ ಹಿಡಿಯುತ್ತಿದ್ದರು. ಮುಂಬಯಿಯಿಂದ ಬಂದವರು ಎಷ್ಟೋ ದಿನ ಏನೂ ಹೇಳಲಿಲ್ಲ. ಒಂದು ದಿನ ಮಾಲವಣದ ಲಾರಿಯ ಡ್ರೈವರು ದತ್ತಾರಾಮನಿಗೆ, ಜೀವಂತದ್ದೊಂದು ತಂದುಕೊಡುತ್ತೀಯಾ ಎಂದು ಕೇಳಿದರು. ಅವನು ಬಂಡೆಗಳ ನಡುವಿನ ಹೊಂಡದಲ್ಲಿ ಹಿಡಿದ ಒಂದನ್ನು ಸಮುದ್ರದ ನೀರು ತುಂಬಿದ ಎಣ್ಣೆಯ ಡಬ್ಬಿಯಲ್ಲಿ ತಂದಿಟ್ಟು, "ಮಾಲಕ, ಹೇ ಖಾಯಾಚೆ ನಾಹೀ, ಬಘಾಯಾಚೆ" ಎಂದ. ತಿನ್ನೋದಲ್ಲ, ನೋಡೋದು. ಈ ಮಾತನ್ನು ಈ ಮನೆಯವರಿಗೆ ಹೇಳಬೇಕಾಗಿರಲಿಲ್ಲ.

ಅಂಗೈಯಗಲದ ಮೀನು. ಬೆನ್ನು ಹಳದಿ, ಮೈಮೇಲೆ ಕಪ್ಪು ಪಟ್ಟಿ. ಅಂಗಡಿಗೂ ಪಡಸಾಲೆಗೂ ನಡುವಿನ ಕಟ್ಟೆಯ ಮೇಲೆ ಗಾಜಿನ ತೊಟ್ಟಿ ಇಟ್ಟರು. ನೀರಿಗೆ ಗಾಳಿ ಊದಲು ಇಚಲಕರಂಜಿಯ ಬೀಗರೊಬ್ಬರು ತಮ್ಮ ಮಗ್ಗದ ಫಿಟ್ಟರನಿಂದ ಒಂದು ಪುಟ್ಟ ಯಂತ್ರ ಮಾಡಿಸಿ ಕಳಿಸಿದರು. ಅದು ಮಗ್ಗದ ಹಾಗೆಯೇ ಟಕಟಕ ಎನ್ನುತ್ತಿತ್ತು. ಕರೆಂಟು ಹೋದರೆ ಸೊಸೆ ನೀಲವ್ವ ಸೈಕಲ್ ಪಂಪು ಹಿಡಿದು ಕೂಡಬೇಕು. "ನನ್ನ ಮಕ್ಕಳಿಗೆ ಬೀಸಣಿಗಿ ಬೀಸಿಲ್ಲ, ಇದಕ್ಕ ಗಾಳಿ ಹಾಕಾಕತ್ತೇನಿ" ಎಂದು ಆಕೆ ಪಂಪು ಒತ್ತುತ್ತಿದ್ದಳು. ಊಟಕ್ಕೆ ನೆನೆಸಿದ ಅಕ್ಕಿ, ಬೇಯಿಸಿದ ಪಾಲಕದ ಎಲೆ. ಸೋಮವಾರ ಮಾವನ ಉಪವಾಸ, ಅಂದು ಮೀನಿಗೂ ಒಪ್ಪೊತ್ತು. ದತ್ತಾರಾಮ ಬಂದಾಗ ಒಂದು ಡಬ್ಬಿ ಸಮುದ್ರದ ನೀರು ಇಳಿಸಿ, ಕಿಸೆಯಿಂದ ಒಣ ಸಿಗಡಿಯ ಪುಡಿ ತೆಗೆದು ಒಂದು ಚಿಟಿಕೆ ಹಾಕುತ್ತಿದ್ದ. ಆಗ ಮನೆಯವರೆಲ್ಲ ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು.

ಬೆಳಿಗ್ಗೆ ಅಂಗಡಿ ತೆಗೆದು ಮಾವ ಗಾಜಿನ ಮೇಲೆ ಬೆರಳಿನಿಂದ ತಟ್ಟಿದರೆ ಮೀನು ಬೆರಳಿನ ಎದುರಿಗೆ ಬಂದು ನಿಲ್ಲುತ್ತಿತ್ತು. "ಮೊದಲನೇ ಗಿರಾಕಿ ಬಂದಾನ" ಎನ್ನುತ್ತಿದ್ದರು. ಅದಕ್ಕೆ ಗಿರಾಕಿ ಎಂಬ ಹೆಸರೇ ನಿಂತಿತು. ಹಳದಿಯದೊಂದು ಮಸಕು ಚಲಿಸುವುದಷ್ಟೇ ಅವರಿಗೆ ಕಾಣುತ್ತಿದ್ದದ್ದು. ಶನಿವಾರ ನಾನು ಬಂದಕೂಡಲೇ ಕೇಳುತ್ತಿದ್ದರು, "ಹೇಳ್ರಿ ಅಳಿಯಾವ್ರ, ಹೆಂಗದಾನ?" ನಾನು ಚೀಲ ಇಳಿಸಿ, ತೊಟ್ಟಿಯ ಮುಂದೆ ಬಗ್ಗಿ, ಬಣ್ಣ, ಈಜು, ಹಸಿವು ಎಂದು ವರದಿ ಒಪ್ಪಿಸುತ್ತಿದ್ದೆ. ವಾರದ ಕೊನೆಯ ವರದಿ ಅದು.

ಒಂದು ಬೇಸಿಗೆ, ಹಾಗೆ ಬಗ್ಗಿ ನೋಡಿದಾಗ ಅದರ ಕಣ್ಣು ಸರಿ ಕಾಣಲಿಲ್ಲ. ಎರಡರ ಮೇಲೂ ನೀರು ಬೆರೆಸಿದ ಮಜ್ಜಿಗೆಯಂಥ ತೆಳ್ಳನೆಯ ಪೊರೆ. ಅಕ್ಕಿಯ ಕಾಳು ಮೂಗಿನ ಮುಂದೆಯೇ ಇಳಿದು ಹೋದರೂ ಅದು ಬಾಯಿ ಹಾಕಿದ್ದು ಬೇರೆ ಕಡೆಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅದೇ ವಾರ ಅವರ ಮಗ ಚನ್ನಪ್ಪ ಅವರನ್ನು ಮೀರಜಿನ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಬಂದಿದ್ದ. ಎಡಗಣ್ಣು ಕೈಬಿಟ್ಟು ಹೋಗಿದೆ, ಬಲಗಣ್ಣಿನ ಪೊರೆ, ಮೋತಿಬಿಂದು, ಪೂರ್ತಿ ಹಣ್ಣಾಗಿದೆ, ಮಳೆಗಾಲ ಹಿಡಿಯುವುದರೊಳಗೆ ತೆಗೆಸದಿದ್ದರೆ ಅದೂ ಎಡಗಣ್ಣಿನ ದಾರಿ ಹಿಡಿಯುತ್ತದೆ ಎಂದು ಡಾಕ್ಟರರು ಹೇಳಿದ್ದರು. ಮಾವ ಒಲ್ಲೆ ಎನ್ನುತ್ತಿದ್ದರು.

"ಎಂಟೆಂಟ ದಿನ ಕಣ್ಣು ಕಟ್ಟಿ ಮಲಗಸ್ತಾರ. ಲಿಂಗಪೂಜಿ ಹೆಂಗ ಮಾಡ್ಲಿ? ಅಂಗೈಯಾಗಿನ ಲಿಂಗ ನೋಡಬೇಕೋ ಬ್ಯಾಡೋ?"

"ಈಗರ ಎಲ್ಲಿ ಕಾಣಸ್ತದ್ರಿ ಮಾವಾರ?" ನೀಲವ್ವ ಒಳಗಿನಿಂದಲೇ ಅಂದಳು. "ಮೊನ್ನೆ ವಿಭೂತಿ ಉಂಡಿ ಅಂತ ಬೆಣ್ಣಿ ಉಂಡಿ ಹಣಿಗೆ ಹಚಗೊಂಡ್ರಿ."

"ತಂಪಾತು" ಎಂದರು ಮಾವ.

ಚನ್ನಪ್ಪ ಬಿಡಲಿಲ್ಲ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು, ದತ್ತಾರಾಮನಿದ್ದ, ನಾನಿದ್ದೆ. ಮಾವ ತೊಟ್ಟಿಯ ಕಡೆ ಕೈ ತೋರಿಸಿದರು. "ಮೊದಲ ಅವನ ಕಣ್ಣು ತಿಳಿ ಆಗಲಿ. ಆದ ಮರುದಿನ ನಾ ಮೀರಜಿಗೆ ಬರ್ತೇನಿ. ಮಾತು ಕೊಟ್ಟೇನಿ, ಹೋಗು."

ಎಲ್ಲರ ಮುಂದೆ ಕೊಟ್ಟ ವ್ಯಾಪಾರಿಯ ಮಾತು. ಅದರಿಂದ ಅವರು ಹಿಂದೆ ಸರಿಯುವಂತಿರಲಿಲ್ಲ. ಚನ್ನಪ್ಪನೂ ಅದನ್ನು ತಳ್ಳಿಹಾಕುವಂತಿರಲಿಲ್ಲ. ಮೀನಿನ ಕಣ್ಣಿಗೆ ಎಲ್ಲಿಯ ಔಷಧ ಎಂಬುದು ಮಾವನ ಧೈರ್ಯ. ಅಂದಿನಿಂದ ಮನೆಯವರೆಲ್ಲ ಮೀನಿನ ಕಣ್ಣಿನ ಹಿಂದೆ ಬಿದ್ದೆವು.

ನಮ್ಮ ಊರುಗಳಲ್ಲಿ ಕಣ್ಣಿಗೆ ಔಷಧ ಗೊತ್ತಿಲ್ಲದವರು ಯಾರಿದ್ದಾರೆ? ಚಿಕ್ಕಂದಿನಲ್ಲಿ, ಮಾವಿನ ಕಾಲಕ್ಕೆ ಓಣಿಗೆ ಓಣಿಯೇ ಕಣ್ಣು ಬಂದು ಕೆಂಪಾಗಿ ಕೂತಾಗ, ನಮ್ಮವ್ವ ಹವೀಜ, ಅಂದರೆ ಕೊತ್ತಂಬರಿ ಬೀಜ, ನೆನೆಸಿದ ನೀರನ್ನು ಅರಿವೆಯಲ್ಲಿ ಅದ್ದಿ ಹಿಂಡುತ್ತಿದ್ದಳು. ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಅವ್ವ ಬೆಚ್ಚಗಿನ ನೀರಿನಿಂದ ಒರೆಸಿ ಬಿಡಿಸುವವರೆಗೆ ನಾವು ಅಣ್ಣತಮ್ಮಂದಿರು ಗೋಡೆಗೆ ಒರಗಿ ಸಾಲಾಗಿ ಕೂತು, ಒಬ್ಬರನ್ನೊಬ್ಬರು ಕಾಣದೆ, ಜಗಳ ಮಾತ್ರ ಮಾಡುತ್ತಿದ್ದೆವು. ಶಾಲೆಗೆ ರಜೆ ಎಂಬುದೊಂದೇ ಸುಖ. ಆ ಹವೀಜದ ವಾಸನೆ ಬಂದರೆ ಈಗಲೂ ನನಗೆ ಇವತ್ತು ಎಲ್ಲಿಗೂ ಹೋಗುವುದಿಲ್ಲ ಎನಿಸುತ್ತದೆ.

ನೀಲವ್ವ ನಂದಿಬಟ್ಟಲ ಹೂ ಅರೆದಳು. ಅದನ್ನು ಎಲ್ಲಿ ಹಚ್ಚುವುದು? ದನದ ಡಾಕ್ಟರರು ಒಂದು ಹನಿ ಔಷಧ ಕೊಟ್ಟು, ಇದು ಎತ್ತಿಗೆ ಹಾಕುವುದು, ಮೀನಿನ ವಿಷಯ ತಮಗೆ ಓದಿಸಿಲ್ಲ ಎಂದು ಮೊದಲೇ ಕೈತೊಳೆದುಕೊಂಡರು. ನೀರಿನಲ್ಲಿರುವ ಕಣ್ಣಿಗೆ ಹನಿ ಹಾಕಿದರೆ ನಿಲ್ಲುವುದಿಲ್ಲ. ಹೊರಗೆ ತೆಗೆದೇ ಹಾಕಬೇಕು. ಮುಟ್ಟುವವರು ಯಾರು? ಚನ್ನಪ್ಪ ಪೂಜೆ ಆಗಿದೆ ಎಂದ. ನೀಲವ್ವ ಪೂಜೆ ಆಗಬೇಕು ಎಂದಳು. ಪತ್ರಿಕೆಯವರಿಗೆ ಯಾವುದೂ ಮೈಲಿಗೆಯಲ್ಲ ಎಂದು ಇಬ್ಬರೂ ಸೇರಿ ನಿರ್ಣಯಿಸಿದರು.

ಒದ್ದೆ ಅರಿವೆಯಲ್ಲಿ ಅದನ್ನು ಅಂಗೈಗೆ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಈ ಗಾಜಿನ ಕೊಳವೆ. ಇಷ್ಟು ಸಣ್ಣ ಮೈಯಲ್ಲಿ ಅಷ್ಟು ಕಸುವು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಹನಿ ಬಿತ್ತು. ಕಣ್ಣಿಗೋ, ಬಾಲಕ್ಕೋ ಹೇಳಲಾರೆ. ಮೀನು ಕೈಯಿಂದ ಚಿಮ್ಮಿ ಬೆಲ್ಲದ ಪೆಂಟಿಯ ಮೇಲೆ ಬಿತ್ತು. ನೀಲವ್ವ ಹಿತ್ತಾಳೆಯ ತಟ್ಟೆ ತಂದು ಅದನ್ನು ರೊಟ್ಟಿ ಎತ್ತುವ ಹಾಗೆ ಎತ್ತಿ ತೊಟ್ಟಿಗೆ ಬಿಟ್ಟಳು. ಪೂಜೆಯ ಮಾತು ಯಾರೂ ಎತ್ತಲಿಲ್ಲ.

"ಏನಾತು?" ಮಾವ ಕೇಳಿದರು.

"ಬೆಲ್ಲಾ ತಿಂದು ಬಂದಾನ್ರಿ" ಎಂದ ಚನ್ನಪ್ಪ.

ಹನಿಯ ಪ್ರಯೋಗ ಅಲ್ಲಿಗೆ ಮುಗಿಯಿತು. ಮರುವಾರ ನಾನು ಕೊಲ್ಲಾಪುರದಲ್ಲಿ ಬಣ್ಣದ ಮೀನು ಮಾರುವವನೊಬ್ಬನನ್ನು ಹುಡುಕಿ ಕೇಳಿದೆ. ಅವನು ಸಿಹಿನೀರಿನ ಮೀನಿನವನು. ಮೀನಿಗೆ ಏನೇ ಆಗಲಿ, ಒಂದು ಹಿಡಿ ಉಪ್ಪು ಹಾಕಿ ಎಂದ. ಅದನ್ನು ತಂದು ಹೇಳಿದೆ. ಚನ್ನಪ್ಪ ಉಪ್ಪಿನ ಗಡಿಗೆಗೆ ಕೈ ಹಾಕಿಯೂ ಆಗಿತ್ತು.

"ಬ್ಯಾಡ" ಎಂದರು ಮಾವ.

"ಯಾಕ್ರಿ ಮಾವಾರ?" ನಾನು ಕೇಳಿದೆ.

"ಬ್ಯಾಡಂದ್ರ ಬ್ಯಾಡ." ಆಮೇಲೆ ಮುಖ ಆಚೆ ತಿರುಗಿಸಿ ಬೀದಿಯ ಕಡೆ ಕೂತರು.

ಅವರು ಕಾರಣ ಹೇಳದೆ ಮಾತು ಮುಗಿಸುವವರಲ್ಲ. ಬೆಲ್ಲದ ಧಾರಣೆ ಇಳಿದರೆ ಅದಕ್ಕೆ ಇಡೀ ಸಂಜೆ ಕಾರಣ ಹೇಳುತ್ತಿದ್ದರು. ನನಗೆ ಏನೋ ಸಂಶಯ ಬಂತು. ಆದರೆ ಮಾವನನ್ನು ಮಂತ್ರಿಗಳನ್ನು ಕೇಳಿದ ಹಾಗೆ ಅಡ್ಡ ಪ್ರಶ್ನೆ ಕೇಳುವಂತಿಲ್ಲ.

ಆ ವಾರ ನೀಲವ್ವ ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದು ಹೇಳಿದಳಂತೆ: "ಮಾವಾರು ಮೀನಿನ ನೀರಾಗ ಬೆರಳು ಅದ್ದಿ ಬಾಯಾಗ ಇಟಗೊಳ್ತಾರವ್ವಾ. ದಿನಾ ಬೆಳಿಗ್ಗೆ. ನಾ ನೋಡೇನಿ. ಯಾರ ಮುಂದೂ ಹೇಳಬ್ಯಾಡ." ನನ್ನ ಹೆಂಡತಿ ನನ್ನ ಮುಂದೆ ಮಾತ್ರ ಹೇಳಿದಳು. ನೀರು ಎಲ್ಲಿಯವರೆಗಿದೆ ಎಂದು ಕಣ್ಣಿಗೆ ಕಾಣದೆ ಅವರು ಬೆರಳು ಇಳಿಸಿ ನೋಡುತ್ತಿದ್ದರು. ಒದ್ದೆಯಾದ ಬೆರಳು, ಆಯುಷ್ಯದ ರೂಢಿಯಂತೆ, ನಾಲಿಗೆಗೆ ಹೋಗುತ್ತಿತ್ತು. ಅಷ್ಟೇ ಎಂದುಕೊಂಡೆ.

ಮುಂದಿನ ಶನಿವಾರ ಹೋದಾಗ ಗಿರಾಕಿಯ ಸ್ಥಿತಿ ಕೆಟ್ಟಿತ್ತು. ಪೊರೆ ಸುಣ್ಣದಂತೆ ಬೆಳ್ಳಗಾಗಿತ್ತು. ಒಂದು ಮೂಲೆಯಿಂದ ಹೊರಟರೆ ಎದುರಿನ ಗಾಜಿಗೆ ಮೂತಿ ಬಡಿದು ಅಲ್ಲಿಯೇ ನಿಲ್ಲುತ್ತಿತ್ತು. ಮಾವ ಗಾಜು ತಟ್ಟಿದರು. ಅದು ಬರಲಿಲ್ಲ. ಮತ್ತೆ ತಟ್ಟಿದರು. ಗಾಜಿಗೆ ಮೂತಿ ಬಡಿದ ಸಣ್ಣ ಸಪ್ಪಳ ನಮಗೆಲ್ಲ ಕೇಳಿತು. ಅವರಿಗೂ ಕೇಳಿತು.

ಬೆಲ್ಲದ ಗಾಡಿಯೊಂದು ಬಂತು, ಅದನ್ನು ಚನ್ನಪ್ಪನೇ ಇಳಿಸಿಕೊಂಡ. ಅವನು ಕೈ ಝಾಡಿಸುತ್ತ ಒಳಗೆ ಬಂದ ಮೇಲೆ ಮಾವ ಅಂದರು, "ಚನ್ನಪ್ಪಾ, ಬಾವಿ ನೀರು ತಾ. ಒಂದು ತಂಬಿಗಿ."

"ಕುಡ್ಯಾಕೇನ್ರಿ ಅಪ್ಪಾ?"

"ಅವನ ತೊಟ್ಟಿಗಿ."

ಚನ್ನಪ್ಪ ನಿಂತಲ್ಲಿಯೇ ನಿಂತ. ತೊಟ್ಟಿಯ ನೀರು ಕಡಿಮೆಯಾದಾಗೆಲ್ಲ ಅವನು ದತ್ತಾರಾಮನ ಡಬ್ಬಿಯ ಸಮುದ್ರದ ನೀರನ್ನೇ ಸುರಿಯುತ್ತಿದ್ದ. ಬಾವಿಯ ನೀರು ಒಂದು ಹನಿ ಹಾಕುತ್ತಿರಲಿಲ್ಲ. ಸಮುದ್ರದ ಮೀನಿಗೆ ಸಮುದ್ರದ್ದೇ ಕೊಡಬೇಕು. ಬಾವಿಯ ನೀರು ಹಾಕುವುದು ಹಾಲಿಗೆ ನೀರು ಬೆರೆಸಿದ ಹಾಗೆ ಎಂಬುದು ಆ ಮನೆಯ ನ್ಯಾಯ. ಡಬ್ಬಿ ಬರುವುದು ತಡವಾದಾಗ ನಾನೇ ಒಮ್ಮೆ ಬಾವಿ ಇದೆಯಲ್ಲ ಎಂದಿದ್ದಕ್ಕೆ, "ನಮ್ಮ ಅಂಗಡಿಯಾಗ ಬೆರಕಿ ಇಲ್ರಿ" ಎಂದು ನಕ್ಕಿದ್ದ.

"ಬೆರಕಿ ಮಾಡೂದೇನ್ರಿ ಅಪ್ಪಾ?" ಈಗಲೂ ಅದನ್ನೇ ಕೇಳಿದ.

"ಬಿಸಲಿಗೆ ನೀರು ಆರತದ. ಉಪ್ಪು ಆರೂದಿಲ್ಲ. ಆರಿದ್ದರ ಮ್ಯಾಲ ನಾವು ಮತ್ತ ಉಪ್ಪುನೀರು ಹಾಕ್ಕೋತ ಬಂದೇವಿ. ಈಗ ಅದು ಸಮುದ್ರ ಅಲ್ಲ, ಉಪ್ಪಿನಕಾಯಿ ಗಡಿಗಿ. ಅದರಾಗ ಅವ ಕಣ್ಣು ತೆರಕೊಂಡು ಕುಂತಾನ."

ಒಳಗೆ ನೀಲವ್ವನ ಬಳೆಯ ಸಪ್ಪಳ ನಿಂತಿತು. "ಸಾರು ಬತ್ತಿದಂಗ" ಎಂದಳು, ತನಗೆ ತಾನೇ. ದಿನಾ ಒಲೆಯ ಮುಂದೆ ನೋಡುವ ಸಂಗತಿ ಗಾಜಿನ ತೊಟ್ಟಿಯಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ.

"ನಿಮಗ ಯಾವಾಗ ತಿಳೀತ್ರಿ ಮಾವಾರ?" ನಾನು ಕೇಳಿದೆ. ವರದಿಗಾರನ ಚಟ. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

ಅವರು ಶಲ್ಯದ ತುದಿಯಿಂದ ಬೆರಳು ಒರೆಸಿಕೊಂಡರು. "ಭಾಳ ದಿನ ಆತ್ರಿ. ನಾಲಿಗಿಗೆ ಆವಾಗ ಹತ್ತಿತ್ತು. ಹೇಳಿದ್ರ ಅವನ ಕಣ್ಣು ತಿಳಿ ಆಗ್ತದ. ತಿಳಿ ಆದ್ರ ನನ್ನ ಕಣ್ಣಾಗ ಚಾಕು ಹಾಕಸ್ತೀರಿ." ತೊಟ್ಟಿಯ ಕಡೆ ಮುಖ ತಿರುಗಿಸಿ, "ಅವ ಗಾಜಿಗೆ ಬಡಕೊಳ್ಳೂದು ಕೇಳಾಕ ಆಗವಲ್ದು" ಎಂದರು. "ಸಾಕಾತು. ನೀರು ತಾರೋ."

ಲಿಂಗಪೂಜೆಯ ಮಾತು ನೆಪ ಎಂಬುದು ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಚನ್ನಪ್ಪ ತಂಬಿಗೆ ತರಲು ಹಿತ್ತಲಿಗೆ ಹೋದ.

ಒಮ್ಮೆಲೇ ಸುರಿದರೆ ಮೀನು ತಡೆಯಲಿಕ್ಕಿಲ್ಲ ಎಂದು ದಿನಕ್ಕೆ ಒಂದೊಂದು ತಂಬಿಗೆ ಉಪ್ಪುನೀರು ತೆಗೆದು ಒಂದೊಂದು ತಂಬಿಗೆ ಬಾವಿಯ ನೀರು ಹಾಕಿದರು. ಮಾವ ದಿನಾ ಬೆರಳು ಅದ್ದಿ, ಈಗ ಎಲ್ಲರ ಮುಂದೆಯೇ, ರುಚಿ ನೋಡುತ್ತಿದ್ದರು. ನೀಲವ್ವ ಮುಖ ತಿರುಗಿಸುವುದನ್ನು ಬಿಟ್ಟಳು. ರುಚಿ ಸರಿಹೋದ ದಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆದರು. ನೀರು ಗೆರೆಯ ಕೆಳಗೆ ಇಳಿದರೆ ಬಾವಿಯದು, ಮಲಿನವಾದರೆ ಮಾತ್ರ ಸಮುದ್ರದ್ದು. ಇಷ್ಟೇ ಚಿಕಿತ್ಸೆ. ಪೊರೆ ಅಂಚಿನಿಂದ ಕರಗುತ್ತ ಬಂತು. ಒಂದು ಶನಿವಾರ ನಾನು ಬಗ್ಗಿ ನೋಡಿದಾಗ ಎರಡೂ ಕಣ್ಣು ಕಪ್ಪಗೆ ಹೊಳೆಯುತ್ತಿದ್ದವು. ಹಾಗೆಂದು ವರದಿ ಒಪ್ಪಿಸುವ ಮೊದಲು, ನನ್ನ ವೃತ್ತಿಯಲ್ಲಿ ಅಪರೂಪವಾಗಿ, ಒಂದು ಗಳಿಗೆ ತಡೆದೆ. ನಾನು ಹೇಳುವ ಮಾತಿನ ಮರುದಿನ ಒಬ್ಬರು ಚಾಕುವಿನ ಕೆಳಗೆ ಹೋಗಬೇಕಾಗಿತ್ತು.

"ಹೇಳ್ರಿ" ಎಂದರು ಮಾವ. "ತಿಳಿ ಅದಾವಲ್ಲ?"

"ಅದಾವ್ರಿ."

"ಚನ್ನಪ್ಪಾ, ನಾಳೆ ಮೀರಜಿನ ಬಸ್ಸು ಎಷ್ಟಕ್ಕ ಐತಿ ನೋಡು."

ಆಗಿನ ಆಪರೇಶನ್ ಈಗಿನ ಹಾಗಲ್ಲ. ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು, ಅಲ್ಲಾಡದಂತೆ ಮಲಗಿಸಿ, ಕಣ್ಣು ಕಟ್ಟಿಬಿಡುತ್ತಿದ್ದರು. ಕೆಮ್ಮುವಂತಿಲ್ಲ, ನಗುವಂತಿಲ್ಲ. ಮಾವ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎದೆಯ ಮೇಲೆ ಕೈ ಮಡಿಚಿ ಮಲಗಿರುತ್ತಿದ್ದರು. ನಾನು ನೋಡಲು ಹೋದಾಗ ತುಟಿಯಷ್ಟೇ ಆಡಿಸಿ ಕೇಳಿದರು, "ಗೆರಿತನಕ ನೀರು ಅದಾವೇನು?"

ಮಳೆಗಾಲ ಅರ್ಧ ಕಳೆದ ಮೇಲೆ ಅವರಿಗೆ ಕನ್ನಡಕ ಬಂತು. ಸೋಡಾ ಬಾಟಲಿಯ ತಳದಷ್ಟು ದಪ್ಪನೆಯ ಗಾಜು. ಅದರ ಹಿಂದೆ ಅವರ ಕಣ್ಣು ಅಗಾಧವಾಗಿ ಉಬ್ಬಿ ಕಾಣುತ್ತಿತ್ತು. ಮೊದಲು ಅಂಗೈಯ ಲಿಂಗವನ್ನು ನೋಡಿಕೊಂಡರು. ಆಮೇಲೆ ಮಗನನ್ನು, ಸೊಸೆಯನ್ನು, ನನ್ನನ್ನು. "ತಲಿಗೂದಲ ಎಲ್ಲಿ ಬಿಟ್ಟ ಬಂದ್ರಿ ಅಳಿಯಾವ್ರ?" ಎಂದರು. ಆಮೇಲೆ ಎದ್ದು ತೊಟ್ಟಿಯ ಮುಂದೆ ಹೋಗಿ ಬಗ್ಗಿ, ಗಾಜು ತಟ್ಟಿದರು.

ಗಿರಾಕಿ ಇತ್ತ ತಿರುಗಿತು, ನೋಡಿತು, ಸರಕ್ಕನೆ ತೊಟ್ಟಿಯ ತಳದಲ್ಲಿದ್ದ ಕಲ್ಲಿನ ಹಿಂದೆ ಹೋಗಿಬಿಟ್ಟಿತು. ಅಷ್ಟು ದೊಡ್ಡ ಹೊಳೆಯುವ ಕಣ್ಣನ್ನು ಅದು ಈ ಮನೆಯಲ್ಲಿ ಕಂಡಿರಲಿಲ್ಲ. ಮತ್ತೆ ತಟ್ಟಿದರು. ಬಾಲದ ತುದಿಯಷ್ಟೇ ಕಾಣಿಸಿತು.

"ಹೊಸಾ ಮಾಲಕ ಬಂದಾನ ಅಂತ ತಿಳಕೊಂಡಿರಬೇಕು" ಎಂದಳು ನೀಲವ್ವ.

ಮಾವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹಿಂದಿನಂತೆ ಎಲ್ಲೋ ನೋಡುವ ಮುಖ ಮಾಡಿ ಬೆರಳು ತಟ್ಟಿದರು. ಗಿರಾಕಿ ಬಂದು ಬೆರಳಿನ ಎದುರಿಗೆ ನಿಂತಿತು.

"ಬಂದಾನೇನು?"

"ಬಂದಾನ್ರಿ."

ಮೆಲ್ಲಗೆ ಕನ್ನಡಕ ಎತ್ತಿದರು. ಕಿವಿಗೆ ಸಿಕ್ಕಿಸುವಷ್ಟರಲ್ಲಿ ತೊಟ್ಟಿ ಖಾಲಿ.

ಕೆಲವು ದಿನ ಹೀಗೆಯೇ ನಡೆಯಿತು. ಒಂದು ಸಲ ಪಕ್ಕದಿಂದ, ಒಂದು ಸಲ ಕಂಬದ ಮರೆಯಿಂದ, ಒಂದು ಸಲ ಶಲ್ಯ ಮುಸುಕು ಹಾಕಿಕೊಂಡು ನೋಡಲು ಹೋದರು. ಕಲ್ಲಿನ ಹಿಂದಿನ ಬಾಲದ ತುದಿಗಿಂತ ಹೆಚ್ಚು ಸಿಗಲಿಲ್ಲ. ಆಮೇಲೆ ಆ ಪ್ರಯತ್ನ ಬಿಟ್ಟರು. ಬೆಳಿಗ್ಗೆ ತೊಟ್ಟಿಯ ಹತ್ತಿರ ಹೋಗುವ ಮೊದಲು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಳ್ಳುವುದು ರೂಢಿಯಾಯಿತು.

ಶನಿವಾರ ನಾನು ಬಸ್ಸು ಇಳಿದು ಬಂದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದರು. ನಾನು ಚೀಲ ಇಳಿಸಿ ಬಗ್ಗುತ್ತಿದ್ದೆ.

"ಹೇಳ್ರಿ."

"ಬೆನ್ನು ಹಳದಿ ಐತ್ರಿ. ಪಟ್ಟಿ ನೆಟ್ಟಗದಾವ."

"ಕಣ್ಣು?"

"ಎರಡೂ ತಿಳಿ ಅದಾವ್ರಿ."

ಅವರು ತಲೆದೂಗಿ, ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿ, ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ಅಂಗಡಿಗೆ ಹೋಗಿ ಕೂಡುತ್ತಿದ್ದರು.